ಹಲಸಂಗಿಯ ಗೆಳೆಯರ ಸ್ವಾಧ್ಯಾಯ

ಜತ್ತ ತಾಲೂಕಿನ ಶೇಗಾಂವದ ಸುತ್ತಲಿನ ಸೀಮೆಯು ಕನ್ನಡ, ಮರಾಠಿಗಳೆರಡೂ ಬೆರೆತ ಸೀಮೆ. ಇಲ್ಲಿ ಮನೆಮಾತು ಒಂದು, ಶಾಲೆಯ ಮಾಧ್ಯಮ ಇನ್ನೊಂದು ಆಗುವುದುಂಟು. ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತವನಿಗೂ ಮುಂದಿನ ತರಗತಿಗಳಲ್ಲಿ ಮಾಧ್ಯಮ ಬದಲಾದರೆ ಕನ್ನಡದ ವ್ಯಾಸಂಗ ನಡುವೆಯೇ ನಿಲ್ಲುತ್ತದೆ. ಆಮೇಲೆ ಅದನ್ನು ಮುಂದುವರಿಸಲು ಉಳಿಯುವ ದಾರಿ ಸ್ವಾಧ್ಯಾಯ. ಈ ದಾರಿಯಲ್ಲಿ ನಡೆದವರನ್ನು ದೂರದಲ್ಲಿ ಹುಡುಕಬೇಕಿಲ್ಲ. ತಾಲೂಕಿನ ಪೂರ್ವದ ಗಡಿ ದಾಟಿದರೆ ವಿಜಯಪುರ ಜಿಲ್ಲೆ, ಅಲ್ಲಿ ಹಲಸಂಗಿ.

ಮಧುರಚೆನ್ನರೆಂದು ಪ್ರಸಿದ್ಧರಾದ ಚೆನ್ನಮಲ್ಲಪ್ಪ ಗಲಗಲಿಯವರು (1903–1953) ಶಾಲೆಯಲ್ಲಿ ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ. ಅಂದಿನ ಮುಂಬಯಿ ಪ್ರಾಂತದಲ್ಲಿ ಹಳ್ಳಿಯ ಹುಡುಗನ ಓದು ಸಾಮಾನ್ಯವಾಗಿ ಮುಗಿಯುತ್ತಿದ್ದುದೇ ಅಲ್ಲಿ. ಇಂಗ್ಲಿಷ್, ಸಂಸ್ಕೃತಗಳನ್ನು ಅವರು ಸ್ವಂತ ಪರಿಶ್ರಮದಿಂದ ಕಲಿತರು; ಅರವಿಂದರ ತತ್ತ್ವಕ್ಕೆ ಒಲಿದರು; ‘ನನ್ನ ನಲ್ಲ’ದಂತಹ ಅನುಭಾವ ಕಾವ್ಯವನ್ನು ಬರೆದರು. ಆದರೆ ಇದನ್ನು ಒಬ್ಬನೇ ಕುಳಿತು ಮಾಡಿದ ತಪಸ್ಸೆಂದು ಭಾವಿಸುವುದು ಸರಿಯಲ್ಲ. ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಗೆಳೆತನ ಅವರಿಗೆ ಒದಗಿತ್ತು. ಗ್ರಂಥಾಲಯವಾಗಲಿ ಪ್ರಾಧ್ಯಾಪಕರಾಗಲಿ ಇಲ್ಲದ ಊರಿನಲ್ಲಿ ಓದಿದ್ದನ್ನು ಒರೆಗೆ ಹಚ್ಚುವವರು ಗೆಳೆಯರೇ ಅಲ್ಲವೇ? ಶಾಲೆಯನ್ನು ಹೀಗಳೆಯುವ ಮಾತೂ ಇದಲ್ಲ: ಸಿಂಪಿ ಲಿಂಗಣ್ಣನವರು ತಾವೇ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು.

ಈ ಗೆಳೆಯರಿಗೆ ದೊರೆತ ಅತ್ಯಂತ ದೊಡ್ಡ ಪಾಠ ಪುಸ್ತಕದ್ದಲ್ಲ, ಬೀಸುವ ಕಲ್ಲಿನದು. ತಮ್ಮ ಸೀಮೆಯ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಸಂಗ್ರಹಿಸಿ ಅವರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ರೇವಪ್ಪನವರ ‘ಮಲ್ಲಿಗೆ ದಂಡೆ’ಯೂ ಅದೇ ಹಾದಿಯದು. ತ್ರಿಪದಿಯ ಲಕ್ಷಣವನ್ನು ಛಂದಸ್ಸಿನ ತರಗತಿಯಲ್ಲಿ ಕಲಿಸುವಾಗ ಮೂರು ಸಾಲು, ಒಟ್ಟು ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ಹೇಳುತ್ತಾರೆ. ಬ್ರಹ್ಮಗಣದ ಹೆಸರನ್ನೇ ಕೇಳದ ಗರತಿ ಅದರ ಲಯವನ್ನು ಕೈಯ ತಿರುವಿನಲ್ಲೇ ಹಿಡಿದಿರುತ್ತಾಳೆ. ಬರೆದುಕೊಳ್ಳುವವನಿಗಾದರೋ ಎರಡೂ ಬೇಕು. ಕಿವಿ ಚುರುಕಾಗಿರದಿದ್ದರೆ ಆಡುಮಾತಿನ ರೂಪ ಗ್ರಂಥಸ್ಥ ರೂಪವಾಗಿ ‘ತಿದ್ದಿ’ ಹೋಗುತ್ತದೆ. ಛಂದಸ್ಸಿನ ಅರಿವಿಲ್ಲದಿದ್ದರೆ ಸಾಲು ಎಲ್ಲಿ ಮುರಿಯಬೇಕೆಂಬುದು ತಿಳಿಯದು. ತರಗತಿಯ ವಿದ್ಯೆ, ಸ್ವಾಧ್ಯಾಯ ಇವೆರಡರ ಸಂಬಂಧವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರುವ ನಿದರ್ಶನ ವಿರಳ.

ಅಕ್ಷರ ಬಾರದವರನ್ನು ಗುರುಗಳೆಂದು ಒಪ್ಪಿದ್ದೇ ಹಲಸಂಗಿಯವರ ಹೆಚ್ಚುಗಾರಿಕೆ. ಸಿಂಪಿ ಲಿಂಗಣ್ಣನವರು ಮುಂದೆ ಕೊಪ್ಪಳದಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪದವಿಯಿಲ್ಲದವರೆಲ್ಲ ಹಾಗಾಗುವುದಿಲ್ಲವೆಂಬುದು ನಿಜ. ಪದವಿಯಿಲ್ಲದಿರುವುದೇ ಒಂದು ಗುಣವೂ ಅಲ್ಲ.

ಇಂದು ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದೆ. ಹಾಡನ್ನು ಬಲ್ಲವರು ಹಿರಿಯ ಅಜ್ಜಿಯರಷ್ಟೆ. ಗಡಿಯ ಈ ಬದಿಯಲ್ಲಿ ಅವರ ಎದುರು ಒಂದು ನೋಟುಪುಸ್ತಕ ಹಿಡಿದು ಕೂರಲು ಯಾವ ಮಾಧ್ಯಮದ ಶಾಲೆಯ ಪ್ರಮಾಣಪತ್ರವೂ ಬೇಕಾಗಿಲ್ಲ. ಕನ್ನಡ ಬರೆಯಬಲ್ಲ ಕೈ ಬೇಕು, ಅದೂ ಬೇಗ ಬೇಕು.