ಕಾರಿನಲ್ಲಿ ಚೆಲ್ಲಿದ ಹಾಲು ಮತ್ತು ಹಬೆ ಯಂತ್ರ



ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಸಂಘಕ್ಕೆ ಬರುತ್ತಿದ್ದವರಲ್ಲಿ ಕೆಲವರು ಈಗ ಕಾರು, ಓಮ್ನಿಗಳಲ್ಲಿ ಹಾಲು ತರುತ್ತಾರೆ. ಸಂತೋಷ. ಆದರೆ ರಸ್ತೆಯ ಗುಂಡಿಯೊಂದು ಸಾಕು, ಅರ್ಧ ಲೀಟರ್ ಹಾಲು ಸೀಟಿನ ಪಾಲು. ಎರಡೇ ದಿನದಲ್ಲಿ ಹುಳಿ ನಾತ. ಆಗ ಬಾಡಿಗೆಗೋ ಕೊಂಡೋ ಹಬೆ ಯಂತ್ರ ತರುತ್ತೀರಿ.

ಹಾಲು ಬಿದ್ದ ಜಾಗಕ್ಕೆ ಮೊದಲೇ ಹಬೆ ಹಿಡಿಯಬೇಡಿ. ಬಿಸಿ ತಾಗಿದರೆ ಹಾಲಿನ ಪ್ರೋಟೀನು ಗಟ್ಟಿಯಾಗಿ ಬಟ್ಟೆಯ ಎಳೆಗೆ ಕಚ್ಚಿಕೊಳ್ಳುತ್ತದೆ. ಹಾಲು ಕಾಯಿಸಿದ ಪಾತ್ರೆಯ ತಳ ನೋಡಿದ ಮನೆಯಾಕೆಗೆ ಇದನ್ನು ಹೇಳಿಕೊಡಬೇಕಿಲ್ಲ. ಮೊದಲು ಒಣಬಟ್ಟೆಯಿಂದ ಒತ್ತಿ ಹೀರಿಸಿ. ನಂತರ ತಣ್ಣೀರು, ಆಮೇಲೆ ತೆಳು ಸೋಪಿನ ನೀರು, ಮತ್ತೆ ತಣ್ಣೀರು. ಹಬೆ ಕೊನೆಗೆ. ಹಾಲು ಸ್ಪಂಜಿಗೆ ಇಳಿದಿದ್ದರೆ ಹಬೆ ಅಷ್ಟು ಆಳಕ್ಕೆ ಹೋಗದು, ಸೀಟು ಬಿಚ್ಚಿಯೇ ತೊಳೆಯಬೇಕು. ಕ್ಯಾನಿಗೂ ಇದೇ ಕ್ರಮ: ತಣ್ಣೀರು ಮೊದಲು, ಬಿಸಿನೀರು ನಂತರ.

ಇನ್ನು ನಿಮ್ಮ ಕೈಯ ವಿಚಾರ. ಕುದಿಯುವ ನೀರು ಮೈಗೆ ಬಿದ್ದರೆ ಪ್ರತಿ ಗ್ರಾಂ ನೀರು ಮೈಯ ಶಾಖಕ್ಕೆ ಇಳಿಯುವಷ್ಟರಲ್ಲಿ ಸುಮಾರು 63 ಕ್ಯಾಲೊರಿ ಶಾಖ ಬಿಡುತ್ತದೆ. ಹಬೆಯಾದರೆ ನೀರಾಗುವಾಗಲೇ ಇನ್ನೂ 540 ಸೇರುತ್ತದೆ. ಕಣ್ಣಿಗೆ ಕಾಣುವ ಬಿಳಿ ಹೊಗೆಗಿಂತ ಕೊಳವೆಯ ತುದಿಯಲ್ಲಿ ಕಾಣದೇ ಇರುವ ಹಬೆ ಹೆಚ್ಚು ಅಪಾಯ. ಮಕ್ಕಳನ್ನು ದೂರವಿಡಿ. ಯಂತ್ರ ಪೂರ್ತಿ ತಣಿದು ಒತ್ತಡ ಇಳಿಯುವವರೆಗೆ ಮುಚ್ಚಳ ತಿರುಗಿಸಬೇಡಿ. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ಗೇ ಬೇಕು. ಕೊಟ್ಟಿಗೆಯ ಒದ್ದೆ ನೆಲದಲ್ಲಿ ತೆಳು ವೈರು ಎಳೆದು ಕೆಲಸ ಮಾಡುವುದು ಪ್ರಾಣಕ್ಕೆ ಎರವು.

ಕಾರಿನ ಎಲ್ಲ ಬಾಗಿಲು ತೆರೆದಿಡಿ. ಕೊಳವೆಯ ಬಾಯಿಗೆ ಹತ್ತಿ ಬಟ್ಟೆ ಸುತ್ತಿ, ಒಂದೆಡೆ ನಿಲ್ಲಿಸದೆ ಆಡಿಸುತ್ತಿರಿ. ರೇಡಿಯೊ, ಸ್ವಿಚ್ಚು, ಸೀಟಿನಡಿಯ ಏರ್‌ಬ್ಯಾಗ್ ವೈರುಗಳ ತಂಟೆ ಬೇಡ. ಮೇಲ್ಛಾವಣಿಯ ಬಟ್ಟೆಗೆ ಹಿಡಿದರೆ ಅಂಟು ಬಿಟ್ಟು ಜೋತುಬೀಳುತ್ತದೆ. ಚಳಿಯ ಬೆಳಗಿನಲ್ಲಿ ತಣ್ಣಗಿರುವ ಗಾಜಿಗೆ ನೇರ ಹಬೆ ಬಿಟ್ಟರೆ ಸೀಳಬಹುದು.

ಒಣಗಿಸುವುದೇ ಕಷ್ಟದ ಭಾಗ. ಚನ್ನರಾಯಪಟ್ಟಣದ ಬಿಸಿಲಿಗೆ ಮಧ್ಯಾಹ್ನದೊಳಗೆ ಒಣಗುವ ಸೀಟು, ಮಳೆಗಾಲದ ಅರಕಲಗೂಡಿನಲ್ಲಿ ಮೂರು ದಿನವಾದರೂ ಒದ್ದೆಯೇ ಇದ್ದು ಬೂಷ್ಟು ಹಿಡಿದೀತು. ಹಾಸನ, ಹೊಳೆನರಸೀಪುರದವರೂ ಮಳೆ ಬಿಡುವು ಕೊಟ್ಟ ದಿನ ನೋಡಿಯೇ ಕೈಹಾಕಿ, ಫ್ಯಾನು ಹಚ್ಚಿಡಿ.

ಕೈ ಸುಟ್ಟರೆ ಬೆಣ್ಣೆ, ಟೂತ್‌ಪೇಸ್ಟು, ಇಂಕು ಯಾವುದೂ ಬೇಡ. 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಬೊಬ್ಬೆ ಎದ್ದರೆ ಒಡೆಯದೆ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಕ್ಯಾನಿನ ಮುಚ್ಚಳದ ರಬ್ಬರು ಸವೆದಿದೆಯೇ ನೋಡಿ. ಹೊಸದಕ್ಕೆ ತಗಲುವ ಖರ್ಚು ಸೀಟು ತೊಳೆಸುವುದಕ್ಕಿಂತ ಕಡಿಮೆ.