ಪರಿಮಳ ನೀಡುವ ಐರಿಸ್ ಗೆಡ್ಡೆ

ಸುಗಂಧ ದ್ರವ್ಯವೆಂದೊಡನೆ ಮಲ್ಲಿಗೆ, ಗುಲಾಬಿ ಹೂಗಳ ನೆನಪಾಗುವುದು ಸಹಜ. ಆದರೆ ಐರಿಸ್ ಗಿಡದಲ್ಲಿ ಪರಿಮಳಕ್ಕಾಗಿ ಬಳಸುವುದು ಹೂವನ್ನಲ್ಲ, ಗೆಡ್ಡೆಯನ್ನು. ವ್ಯಾಪಾರದಲ್ಲಿ ಇದಕ್ಕೆ ಓರಿಸ್ ಬೇರು ಎಂದು ಹೆಸರು. ಹಸಿ ಗೆಡ್ಡೆಯಲ್ಲಿ ಈ ಪರಿಮಳ ಇರುವುದಿಲ್ಲ. ಕೊಯ್ಲಿನ ನಂತರ ವರ್ಷಗಟ್ಟಲೆ ಕಾದಿಟ್ಟಾಗ ಮಾತ್ರ ಅದು ಹುಟ್ಟುತ್ತದೆ.

ಬೇಸಾಯ

ಇಟಲಿಯ ಫ್ಲಾರೆನ್ಸ್ ನಗರದ ಸುತ್ತಲಿನ ಟಸ್ಕನಿ ಗುಡ್ಡಗಳು ಈ ಬೆಳೆಗೆ ಹೆಸರುವಾಸಿ. ಅಲ್ಲಿ ಬೆಳೆಯುವುದು ಐರಿಸ್ ಪಲ್ಲಿಡಾ ಜಾತಿ. ಮೊರಾಕ್ಕೊ ಮತ್ತು ಚೀನಾ ದೇಶಗಳಲ್ಲಿ ಐರಿಸ್ ಜರ್ಮಾನಿಕಾ ಬೆಳೆಯುತ್ತಾರೆ. ನೀರು ಬಸಿದುಹೋಗುವ ಇಳಿಜಾರು ಭೂಮಿ ಸೂಕ್ತ. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಶುಂಠಿಯಂತೆ ಇದನ್ನೂ ಗೆಡ್ಡೆಯ ತುಂಡುಗಳಿಂದಲೇ ವೃದ್ಧಿ ಮಾಡುತ್ತಾರೆ.

ಕೊಯ್ಲು ಮತ್ತು ಸಂಸ್ಕರಣೆ

ನೆಟ್ಟ ಸುಮಾರು 3 ವರ್ಷಗಳ ನಂತರ, ಬೇಸಿಗೆಯಲ್ಲಿ ಗೆಡ್ಡೆಗಳನ್ನು ಅಗೆದು ತೆಗೆಯುತ್ತಾರೆ. ಎಲೆಯಿರುವ ತುದಿಯನ್ನು ಕತ್ತರಿಸಿ ಮುಂದಿನ ಬೆಳೆಗೆ ನೆಡುತ್ತಾರೆ. ಉಳಿದ ಗೆಡ್ಡೆಯನ್ನು ತೊಳೆದು, ಸಣ್ಣ ಬಾಗುಚಾಕುವಿನಿಂದ ಸಿಪ್ಪೆ ಹೆರೆದು, ಚೆನ್ನಾಗಿ ಒಣಗಿಸುತ್ತಾರೆ. ನಂತರ ತೇವವಿಲ್ಲದ, ಗಾಳಿಯಾಡುವ ಸ್ಥಳದಲ್ಲಿ ಮತ್ತೆ ಸುಮಾರು 3 ವರ್ಷ ಇಡುತ್ತಾರೆ. ಈ ಅವಧಿಯಲ್ಲಿ ಗೆಡ್ಡೆಯಲ್ಲಿರುವ ಇರಿಡಾಲ್ ಎಂಬ ವಾಸನೆಯಿಲ್ಲದ ವಸ್ತುಗಳು ನಿಧಾನವಾಗಿ ಆಮ್ಲಜನಕದೊಡನೆ ವರ್ತಿಸಿ, ಪರಿಮಳ ಕೊಡುವ ಇರೋನ್‌ಗಳಾಗಿ ಮಾರ್ಪಡುತ್ತವೆ.

ಇಳುವರಿ ಮತ್ತು ಉಪಯೋಗ

ಹಳತಾದ ಗೆಡ್ಡೆಯನ್ನು ಪುಡಿಮಾಡಿ ಹಬೆಯಲ್ಲಿ ಬಟ್ಟಿ ಇಳಿಸಿದಾಗ ಸಿಗುವ ತೈಲ, ಮಿರಿಸ್ಟಿಕ್ ಆಮ್ಲದ ಅಂಶ ಹೆಚ್ಚಿರುವುದರಿಂದ ಬೆಣ್ಣೆಯಂತೆ ಗಟ್ಟಿಯಾಗುತ್ತದೆ. 1,000 ಕಿಲೋ ಒಣಗೆಡ್ಡೆಯಿಂದ ದೊರೆಯುವುದು ಸುಮಾರು 2 ಕಿಲೋ ಮಾತ್ರ. ಅತ್ತರು ತಯಾರಿಕೆಯಲ್ಲಿ ಇದು ತನ್ನದೇ ಮೃದು ಪರಿಮಳವನ್ನು ನೀಡುವುದಲ್ಲದೆ, ಇತರ ಪರಿಮಳಗಳು ಬೇಗ ಆರಿಹೋಗದಂತೆಯೂ ಹಿಡಿದಿಡುತ್ತದೆ.

ಗಮನಿಸಬೇಕಾದ ಅಂಶ

ಇಷ್ಟು ಕಡಿಮೆ ಇಳುವರಿ, ಇಷ್ಟು ದೀರ್ಘ ಕಾಲ. ಆದುದರಿಂದಲೇ ಇದರ ಬೆಲೆ ಅತಿ ಹೆಚ್ಚು. ಆದರೆ ಬೆಲೆಯೊಂದನ್ನೇ ನೋಡಿ ಲಾಭ ಲೆಕ್ಕ ಹಾಕುವುದು ಸರಿಯಲ್ಲ. ನಾಟಿಯಿಂದ ಬಟ್ಟಿಯವರೆಗೆ ಸುಮಾರು 6 ವರ್ಷ ಹೂಡಿದ ಹಣ ಸಿಕ್ಕಿಬೀಳುತ್ತದೆ. ಅಷ್ಟರಲ್ಲಿ ಮಾರುಕಟ್ಟೆ ಬದಲಾಗಬಹುದು. 1893ರಲ್ಲಿ ಟೀಮನ್ ಮತ್ತು ಕ್ರ್ಯೂಗರ್ ಎಂಬ ರಸಾಯನ ವಿಜ್ಞಾನಿಗಳು ಇದೇ ಗೆಡ್ಡೆಯ ಪರಿಮಳವನ್ನು ಅಭ್ಯಸಿಸುತ್ತಾ, ಅದನ್ನು ಹೋಲುವ ಅಯೋನೋನ್ ಎಂಬ ಕೃತಕ ವಸ್ತುವನ್ನು ತಯಾರಿಸಿದರು. ಅಗ್ಗದ ಬದಲಿ ವಸ್ತು ಎಂದಿಗೂ ಬೆಳೆಗಾರನ ಎದುರಾಳಿಯೇ.

ಐರಿಸ್ ಸಮಶೀತೋಷ್ಣ ವಲಯದ ಗಿಡ. ನಮ್ಮ ಬಿಸಿ ಬಯಲಿನ ರೈತರಿಗೆ ಪರಿಮಳದ ಬೇರೇ ಬೇಕೆಂದರೆ ಲಾವಂಚವಿದೆ. ನೆಟ್ಟ ಸುಮಾರು ಒಂದೂವರೆ ವರ್ಷಕ್ಕೆ ಅದರ ಬೇರು ಕೊಯ್ಲಿಗೆ ಬರುತ್ತದೆ. ಯಾವುದನ್ನೇ ಬೆಳೆಯಲಿ, ಕೊಳ್ಳುವವರು ಯಾರು, ಬಟ್ಟಿ ಇಳಿಸುವ ಅನುಕೂಲ ಎಲ್ಲಿದೆ, ಕಾಯುವ ಶಕ್ತಿ ತಮಗೆಷ್ಟಿದೆ ಎಂಬುದನ್ನು ನಾಟಿಗೆ ಮೊದಲೇ ತಿಳಿದುಕೊಳ್ಳುವುದು ಜಾಣತನ.