ನಲವತ್ತೆರಡನೆಯ ಬೀದಿಯ ತಟ್ಟೆಯಂಗಡಿ

ನ್ಯೂಯಾರ್ಕ್ ನಗರದ ಪೂರ್ವಭಾಗದಲ್ಲಿ, ಗ್ರ್ಯಾಂಡ್ ಸೆಂಟ್ರಲ್ ಎಂಬ ದೊಡ್ಡ ರೈಲುನಿಲ್ದಾಣಕ್ಕೆ ಅನತಿದೂರದಲ್ಲಿ, ನಲವತ್ತೆರಡನೆಯ ಬೀದಿಯ ಮೇಲೆ ಗ್ರಾಮಫೋನ್ ತಟ್ಟೆಗಳನ್ನು ಮಾರುವ ಅಂಗಡಿಯೊಂದಿತ್ತು. ಅದರ ಹೆಸರು ‘ಕಮೊಡೋರ್ ಮ್ಯೂಸಿಕ್ ಶಾಪ್’. ಎದುರಿಗಿದ್ದ ಕಮೊಡೋರ್ ಎಂಬ ಭಾರಿ ಹೋಟೆಲಿನಿಂದ ಆ ಹೆಸರು ಬಂದಿತ್ತು. ಹೋಟೆಲು ಮುಗಿಲೆತ್ತರಕ್ಕೆ ಬೆಳೆದು ನಿಂತಿದ್ದರೆ ಅಂಗಡಿ ಬಹಳ ಇಕ್ಕಟ್ಟಾದುದು. 1958ರಲ್ಲಿ ಅದು ಮುಚ್ಚಿಹೋಯಿತು. ಆದರೂ ಜಾಝ್ ಸಂಗೀತದ ತಟ್ಟೆಗಳನ್ನು ಕೂಡಿಡುವ ಹವ್ಯಾಸವುಳ್ಳವರು ಆ ಅಂಗಡಿಯನ್ನು ಒಂದು ಕ್ಷೇತ್ರವನ್ನು ನೆನೆಯುವಂತೆ ನೆನೆಯುತ್ತಾರೆ. ವ್ಯಾಪಾರದ ಸ್ಥಳವೊಂದಕ್ಕೆ ಇಂಥ ಮಾನ ಹೇಗೆ ದೊರೆಯಿತೆಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಮೊದಲು ಜಾಝ್ ಎಂದರೇನು ಎಂಬುದನ್ನು ತಿಳಿಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದಕ್ಷಿಣ ತೀರದ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ ಅದು ರೂಪುಗೊಂಡಿತು. ಗುಲಾಮಗಿರಿಯನ್ನು ಅನುಭವಿಸಿದ್ದ ಕಪ್ಪು ಜನರ ಮಕ್ಕಳು, ಮೊಮ್ಮಕ್ಕಳು ಅದರ ಮುಖ್ಯ ನಿರ್ಮಾತೃಗಳು. ಬರೆದಿಟ್ಟ ಸ್ವರಕ್ಕಿಂತ, ವಾದಕನು ಆ ಕ್ಷಣದಲ್ಲಿ ಕಲ್ಪಿಸಿ ನುಡಿಸುವುದಕ್ಕೆ ಅಲ್ಲಿ ಬೆಲೆ ಹೆಚ್ಚು. ನಮ್ಮ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಕಲ್ಯಾಣಿಯನ್ನು ಇಬ್ಬರು ವಿದ್ವಾಂಸರು ಆಲಾಪಿಸಿದರೆ ನಾವು ಕೇಳುವುದು ಎರಡು ಕಲ್ಯಾಣಿಗಳನ್ನು. ಹಾಗೆಯೇ ಜಾಝ್ ಪ್ರಿಯನಿಗೆ ಯಾವ ಹಾಡು ಎಂಬುದಕ್ಕಿಂತ ಯಾರು ನುಡಿಸಿದರು ಎಂಬುದೇ ಮುಖ್ಯ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ಆ ಕಾಲದ ತಟ್ಟೆಯನ್ನು ಇಂದಿನ ವಿದ್ಯಾರ್ಥಿಗಳಲ್ಲಿ ಹಲವರು ಕಂಡಿರಲಾರರು. ಹತ್ತು ಅಂಗುಲ ಅಗಲದ, ಕಪ್ಪು ಬಣ್ಣದ, ಕೈಜಾರಿ ಬಿದ್ದರೆ ಚೂರುಚೂರಾಗುವ ವಸ್ತು ಅದು. ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಸಂಗೀತವನ್ನು ಕೊಡುತ್ತಿತ್ತು. ಅದರಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಡುತ್ತಿದ್ದ ಅಂಟು ಅರಗು. ಆ ಅರಗು ಹೋಗುತ್ತಿದ್ದುದು ಬಹುಪಾಲು ನಮ್ಮ ದೇಶದಿಂದಲೇ. ಛೋಟಾ ನಾಗಪುರದಂಥ ಕಾಡುಪ್ರದೇಶಗಳಲ್ಲಿ ಮುತ್ತುಗವೇ ಮೊದಲಾದ ಮರಗಳ ಕೊಂಬೆಗಳ ಮೇಲೆ ಸಣ್ಣ ಕೀಟವೊಂದು ಸ್ರವಿಸಿದ ಅಂಟು, ಸಮುದ್ರವನ್ನು ದಾಟಿ, ಅಮೆರಿಕದ ವಾದ್ಯಗಾರನ ತುತ್ತೂರಿಯ ಧ್ವನಿಯನ್ನು ಹೊತ್ತು ನಿಲ್ಲುತ್ತಿತ್ತೆಂಬುದು ಎಂಥ ಸೋಜಿಗ!

ಕಮೊಡೋರ್ ಅಂಗಡಿಯ ಚರಿತ್ರೆಯಲ್ಲಿ ನಮ್ಮ ಓದುಗರ ವಯಸ್ಸಿನ ಹುಡುಗನೊಬ್ಬನಿದ್ದಾನೆ. ಅವನ ಹೆಸರು ಮಿಲ್ಟ್ ಗೇಬ್ಲರ್. 1911ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವನು. ತಂದೆಯದು ರೇಡಿಯೋ ಸಾಮಾನುಗಳ ಅಂಗಡಿ. ಹೈಸ್ಕೂಲಿನಲ್ಲಿ ಓದುತ್ತಿದ್ದಾಗಲೇ ಮಗನು ಅಲ್ಲಿ ಕೆಲಸಕ್ಕೆ ನಿಲ್ಲುತ್ತಿದ್ದನು. ದಾರಿಹೋಕರನ್ನು ಸೆಳೆಯಲೆಂದು ಬಾಗಿಲ ಮೇಲೆ ಧ್ವನಿವರ್ಧಕವೊಂದನ್ನು ಕಟ್ಟಿ ರೇಡಿಯೋದ ಸಂಗೀತವನ್ನು ಬೀದಿಗೆ ಬಿಟ್ಟನು. ಕೇಳಿದ ಜನ ಒಳಗೆ ಬಂದು, “ಈ ಹಾಡಿನ ತಟ್ಟೆ ನಿಮ್ಮಲ್ಲಿದೆಯೆ?” ಎಂದು ವಿಚಾರಿಸತೊಡಗಿದರು. ತಂದೆಮಕ್ಕಳು ತಟ್ಟೆಗಳನ್ನು ತರಿಸಲು ಪ್ರಾರಂಭಿಸಿದರು. ಕ್ರಮೇಣ ರೇಡಿಯೋ ಹಿಂದೆ ಸರಿದು ತಟ್ಟೆಗಳೇ ಅಂಗಡಿಯನ್ನು ತುಂಬಿದವು. ಅವುಗಳಲ್ಲಿಯೂ ಜಾಝ್ ತಟ್ಟೆಗಳಿಗೆ ಅಗ್ರಸ್ಥಾನ ದೊರೆಯಿತು.

ಅಷ್ಟರಲ್ಲಿ 1929ರ ಆರ್ಥಿಕ ಕುಸಿತ ಬಂದಿತು. 1927ರಲ್ಲಿ ಅಮೆರಿಕದಲ್ಲಿ ಮಾರಾಟವಾದ ತಟ್ಟೆಗಳು 10 ಕೋಟಿಗೂ ಮಿಕ್ಕಿದ್ದರೆ, 1932ರಲ್ಲಿ ಆ ಸಂಖ್ಯೆ ಸುಮಾರು 60 ಲಕ್ಷಕ್ಕೆ ಇಳಿದಿತ್ತೆಂದು ಹೇಳುತ್ತಾರೆ. ಕಂಪನಿಗಳು ಹಳೆಯ ತಟ್ಟೆಗಳನ್ನು ಅಚ್ಚುಹಾಕುವುದನ್ನು ನಿಲ್ಲಿಸಿದವು. ಕಪ್ಪು ಜನರ ಸಂಗೀತಕ್ಕೆ ಇದರಿಂದ ಒದಗಿದ ಹಾನಿ ಇಮ್ಮಡಿಯಾದುದು. ಅವರ ತಟ್ಟೆಗಳನ್ನು ಕಂಪನಿಗಳು ಬೇರೆಯೇ ಪಟ್ಟಿಯಲ್ಲಿ ಸೇರಿಸಿ, ಹೆಚ್ಚಾಗಿ ಅವರ ಕೇರಿಗಳಲ್ಲಿಯೇ ಮಾರುತ್ತಿದ್ದವು. ಆದುದರಿಂದ ಬೇರೆ ಕಡೆಗಳಲ್ಲಿ ಅವುಗಳ ಪ್ರತಿಗಳೇ ಇರಲಿಲ್ಲ. ಸಂಗ್ರಾಹಕರು ಆ ಕೇರಿಗಳಿಗೆ ಹೋಗಿ, ಮನೆಮನೆಯ ಬಾಗಿಲು ತಟ್ಟಿ, ಅಟ್ಟದಲ್ಲಿ ಹಳೆಯ ತಟ್ಟೆಗಳಿವೆಯೇ ಎಂದು ಕೇಳುತ್ತಿದ್ದರು. ಹಳೆಯ ಪೀಠೋಪಕರಣಗಳನ್ನು ಮಾರುವ ಅಂಗಡಿಗಳಲ್ಲಿ ಧೂಳಿನ ರಾಶಿಯ ಮುಂದೆ ಮಂಡಿಯೂರುತ್ತಿದ್ದರು. ಸಂಗ್ರಾಹಕರ ಕುಲವೇ ಸ್ವಲ್ಪ ವಿಚಿತ್ರವಾದುದು. ಆದರೆ ಆ ಹುಚ್ಚು ಇಲ್ಲದಿದ್ದಲ್ಲಿ ಆ ಕಾಲದ ಎಷ್ಟೋ ತಟ್ಟೆಗಳ ಒಂದು ಪ್ರತಿಯೂ ಇಂದು ಉಳಿಯುತ್ತಿರಲಿಲ್ಲ.

ಇಂಥವರೆಲ್ಲ ಬಂದು ಸೇರುತ್ತಿದ್ದ ಸ್ಥಳ ಕಮೊಡೋರ್. ಅಲ್ಲಿಗೆ ಹೋಗಿಬಂದವರ ನೆನಪುಗಳಲ್ಲಿ ಮತ್ತೆ ಮತ್ತೆ ಕಾಣುವುದು ಕೊಂಡ ತಟ್ಟೆಯಷ್ಟೇ ಅಲ್ಲ, ಅಲ್ಲಿ ನಿಂತು ಆಡಿದ ಮಾತು. ಕಾಲೇಜಿನ ಹುಡುಗರು, ಪತ್ರಿಕೆಗಳಿಗೆ ಸಂಗೀತವಿಮರ್ಶೆ ಬರೆಯುವವರು, ರಾತ್ರಿ ಕಚೇರಿ ಇದ್ದ ವಾದ್ಯಗಾರರು — ಎಲ್ಲರೂ ಒಂದೇ ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ತಟ್ಟೆಯೊಂದು ತಿರುಗುತ್ತಿರುವಾಗ, ಈ ಕ್ಲಾರಿನೆಟ್ ಯಾರದೆಂಬ ಚರ್ಚೆ ಏಳುತ್ತಿತ್ತು. ಹೊರಗಿನ ಬೀದಿಯಲ್ಲಿ ಕಪ್ಪು ಬಿಳುಪಿನ ಭೇದ ನಿತ್ಯದ ಸಂಗತಿಯಾಗಿದ್ದ ಕಾಲದಲ್ಲಿ, ಆ ಒಂದು ಕೋಣೆಯಲ್ಲಿ ಚೆನ್ನಾಗಿ ನುಡಿಸುವವನು ಯಾರೆಂಬುದೇ ಪ್ರಶ್ನೆಯಾಗಿದ್ದಿತು. ನ್ಯೂಯಾರ್ಕಿಗೆ ಬರಲಾರದವರಿಗೆ ಗೇಬ್ಲರನು ಅಂಚೆಯ ಮೂಲಕವೂ ತಟ್ಟೆಗಳನ್ನು ಕಳುಹಿಸುತ್ತಿದ್ದನು.

ಕ್ಲಾರಿನೆಟ್ ಯಾರದು ಎಂಬ ಪ್ರಶ್ನೆ ಏಕೆ ಏಳುತ್ತಿತ್ತು? ತಟ್ಟೆಯ ನಡುವಿನ ಕಾಗದದ ಚೀಟಿಯಲ್ಲಿ ಅದು ಬರೆದಿರುತ್ತಿರಲಿಲ್ಲವಾದುದರಿಂದ! 1925ರಿಂದ ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಮಹಾವಾದಕನು ತನ್ನ ಐವರ ತಂಡದೊಡನೆ ಹೊರತಂದ ತಟ್ಟೆಗಳು ಜಾಝ್ ಚರಿತ್ರೆಯ ತಳಹದಿಯೆನಿಸಿವೆ. ಚೀಟಿಯ ಮೇಲೆ ‘ಲೂಯಿ ಆರ್ಮ್‌ಸ್ಟ್ರಾಂಗ್ ಮತ್ತು ಅವನ ಹಾಟ್ ಫೈವ್’ ಎಂದಿಷ್ಟೇ ಇದ್ದಿತು. ಉಳಿದ ನಾಲ್ವರು ಯಾರು? ಬಿಕ್ಸ್ ಬೈಡರ್‌ಬೆಕ್ ಎಂಬ ತರುಣ ಕಾರ್ನೆಟ್ ವಾದಕನ ಕಥೆ ಇನ್ನೂ ದುಃಖದ್ದು. ಅವನು 1931ರಲ್ಲಿ 28ನೆಯ ವಯಸ್ಸಿನಲ್ಲಿ ತೀರಿಕೊಂಡನು. ಪಾಲ್ ವೈಟ್‌ಮನ್ನನ ದೊಡ್ಡ ವಾದ್ಯಮೇಳದಲ್ಲಿ ನುಡಿಸಿದ್ದ ಅವನ ಸ್ವರ, ಮೇಳದ ಯಜಮಾನನ ಹೆಸರಿನ ಅಡಿಯಲ್ಲಿ ಅಡಗಿತ್ತು. ಸಂಗ್ರಾಹಕರು ಒಂದೊಂದೇ ತಟ್ಟೆಯನ್ನು ಕೇಳಿ, ಶೈಲಿಯನ್ನು ಗುರುತಿಸಿ, ಚೀಟಿಯ ಬದಿಯಲ್ಲಿ ಕೊರೆದಿದ್ದ ಅಚ್ಚಿನ ಸಂಖ್ಯೆಗಳನ್ನು ಹೋಲಿಸಿ, ಇಂಥ ದಿನ ಇಂಥವರು ನುಡಿಸಿದರೆಂದು ಲೆಕ್ಕಹಾಕುತ್ತಿದ್ದರು. ಬದುಕಿದ್ದ ವಾದ್ಯಗಾರರು ಅಂಗಡಿಗೆ ಬಂದಾಗ ಅವರನ್ನೇ ಕೇಳಬಹುದಾಗಿತ್ತು. ಶಾಸನಗಳನ್ನು ಓದುವ ವಿದ್ವಾಂಸರ ಶ್ರಮಕ್ಕೆ ಈ ಶ್ರಮವೇನೂ ಕಡಮೆಯದಲ್ಲವೆಂದು ನಾವು ಭಾವಿಸುತ್ತೇವೆ. 1936ರಲ್ಲಿ ಫ್ರಾನ್ಸಿನ ಶಾರ್ಲ್ ದೆಲೋನೆ ಎಂಬವರು ಇಂಥ ವಿವರಗಳನ್ನೆಲ್ಲ ಸೇರಿಸಿ ಗ್ರಂಥವೊಂದನ್ನೇ ಪ್ರಕಟಿಸಿದರು.

ನಮ್ಮಲ್ಲಿಯೂ ಇದೇ ಕಥೆಯಲ್ಲವೆ? 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿ, ಹಿಂದೂಸ್ಥಾನದ ತಟ್ಟೆಗಳ ಚರಿತ್ರೆಯನ್ನು ತೆರೆದವರಲ್ಲಿ ಪ್ರಮುಖಳೆನಿಸಿದ ಗೋಹರ್ ಜಾನ್, ಹಾಡು ಮುಗಿದೊಡನೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುತ್ತಿದ್ದಳು. ಆಕೆ ಕೊನೆಯ ದಿನಗಳಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು. ಆಕೆಯ ಹೆಸರೇನೋ ತಟ್ಟೆಯಲ್ಲಿ ಉಳಿಯಿತು. ಆದರೆ ಆ ಕಾಲದ ತಟ್ಟೆಗಳಲ್ಲಿ ಸಾರಂಗಿ ನುಡಿಸಿದವನ, ತಬಲಾ ಬಾರಿಸಿದವನ ಹೆಸರುಗಳನ್ನು ಬಹುಮಟ್ಟಿಗೆ ಯಾರೂ ಬರೆದಿಡಲಿಲ್ಲ.

ಗೇಬ್ಲರನು ಮಾಡಿದ ದೊಡ್ಡ ಕೆಲಸ ಇಲ್ಲಿಯೇ ಇದೆ. ಕಂಪನಿಗಳು ನಿಲ್ಲಿಸಿದ್ದ ತಟ್ಟೆಗಳನ್ನು ತನ್ನ ಅಂಗಡಿಗಾಗಿ ಮತ್ತೆ ಅಚ್ಚುಹಾಕಿಸಿದನು. 1935ರಲ್ಲಿ ಜಾಝ್ ಪ್ರಿಯರ ಸಂಘಗಳನ್ನು ಒಂದುಗೂಡಿಸುವ ಸಂಸ್ಥೆಯೊಂದು ಅವನ ಮತ್ತು ಮಾರ್ಷಲ್ ಸ್ಟರ್ನ್ಸ್, ಜಾನ್ ಹ್ಯಾಮಂಡ್ ಮೊದಲಾದವರ ಯತ್ನದಿಂದ ಹುಟ್ಟಿತು. ಆ ಸಂಸ್ಥೆಯ ಹೆಸರಿನಲ್ಲಿ ಹೊರಬಂದ ತಟ್ಟೆಗಳ ಚೀಟಿಯ ಮೇಲೆ, ನುಡಿಸಿದ ಪ್ರತಿಯೊಬ್ಬನ ಹೆಸರನ್ನೂ ಅವನ ವಾದ್ಯವನ್ನೂ ಮುದ್ರಿಸಲಾಯಿತು. ಜಾಝ್ ತಟ್ಟೆಗಳಲ್ಲಿ ಈ ಪದ್ಧತಿಯನ್ನು ತಂದವರಲ್ಲಿ ಗೇಬ್ಲರನೇ ಮೊದಲಿಗನೆಂಬ ಕೀರ್ತಿ ಅವನಿಗೆ ಸಲ್ಲುತ್ತದೆ. ಮಾರ್ಷಲ್ ಸ್ಟರ್ನ್ಸ್ ಮುಂದೆ 1952ರಲ್ಲಿ ಜಾಝ್ ಅಧ್ಯಯನಕ್ಕೆಂದೇ ಸಂಸ್ಥೆಯೊಂದನ್ನು ಸ್ಥಾಪಿಸಿದನು. ಅವನು ಕೂಡಿಟ್ಟಿದ್ದ ಸಂಗ್ರಹ ಅದಕ್ಕೆ ಆಧಾರವಾಯಿತು. ಆ ಸಂಸ್ಥೆ ಇಂದು ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿದೆ.

ಹಳೆಯದನ್ನು ಉಳಿಸಿದರೆ ಸಾಲದೆಂದು ಗೇಬ್ಲರನು ಹೊಸ ತಟ್ಟೆಗಳನ್ನೂ ಮಾಡಿಸಲು ತೊಡಗಿದನು. 1938ರ ಜನವರಿ 16ರಂದು ಕಾರ್ನೆಗಿ ಹಾಲ್ ಎಂಬ ಪ್ರಸಿದ್ಧ ಸಭಾಭವನದಲ್ಲಿ ಬೆನ್ನಿ ಗುಡ್‌ಮನ್ನನ ಜಾಝ್ ಕಚೇರಿ ನಡೆಯಿತು. ಮರುದಿನವೇ ಎಡ್ಡಿ ಕಾಂಡನ್ನನ ತಂಡ ಕಮೊಡೋರ್ ಮುದ್ರೆಯ ಮೊದಲ ತಟ್ಟೆಗಳಿಗಾಗಿ ನುಡಿಸಿತು. ಹಿಂದಿನ ರಾತ್ರಿ ಕಾರ್ನೆಗಿಯಲ್ಲಿ ಪಿಯಾನೋ ನುಡಿಸಿದ್ದ ಜೆಸ್ ಸ್ಟೇಸಿಯೂ ಆ ತಂಡದಲ್ಲಿದ್ದನು. ಅಂಗಡಿಯೊಂದು ತಾನೇ ತಟ್ಟೆಗಳನ್ನು ಮಾಡಿಸುವುದು ಅಂದಿಗೆ ಅಪರೂಪದ ಸಂಗತಿ.

ಮರುವರ್ಷ ಆ ಅಂಗಡಿಯ ಬಾಗಿಲಿಗೆ ಬಿಲ್ಲಿ ಹಾಲಿಡೇ ಎಂಬ ಕಪ್ಪು ಗಾಯಕಿ ಬಂದಳು. ಅವಳು ನಗರದ ಒಂದು ರಾತ್ರಿಶಾಲೆಯಲ್ಲಿ, ಎಂದರೆ ಸಂಗೀತವೂ ಪಾನೀಯವೂ ದೊರೆಯುವ ಮಂದಿರದಲ್ಲಿ, ‘ಸ್ಟ್ರೇಂಜ್ ಫ್ರೂಟ್’ ಎಂಬ ಹಾಡನ್ನು ಹಾಡುತ್ತಿದ್ದಳು. ದಕ್ಷಿಣದ ಪ್ರಾಂತಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದ ಅನಾಚಾರವೇ ಆ ಹಾಡಿನ ವಸ್ತು. ಅದನ್ನು ರಚಿಸಿದವನು ಏಬಲ್ ಮೀರೊಪೋಲ್ ಎಂಬ ಶಾಲಾ ಉಪಾಧ್ಯಾಯ. ಬಿಲ್ಲಿಯ ಒಪ್ಪಂದವಿದ್ದ ದೊಡ್ಡ ಕಂಪನಿ ಆ ಹಾಡನ್ನು ಮುದ್ರಿಸಲು ಒಪ್ಪಲಿಲ್ಲ. ಬೇರೆಯವರಿಗಾಗಿ ಹಾಡಲು ಮಾತ್ರ ಅನುಮತಿ ಕೊಟ್ಟಿತು. ಗೇಬ್ಲರನು ಒಪ್ಪಿದನು. 1939ರ ಏಪ್ರಿಲ್ 20ರಂದು ಮುದ್ರಣ ನಡೆಯಿತು. ಹಾಡು ತೀರ ಚಿಕ್ಕದಾಗಿದ್ದುದರಿಂದ, ತಟ್ಟೆಯ ಮಗ್ಗುಲು ತುಂಬುವಂತೆ ಮೊದಲು ಸ್ವಲ್ಪ ಹೊತ್ತು ಪಿಯಾನೋ ನುಡಿಸಲು ಸಾನಿ ವೈಟನಿಗೆ ಹೇಳಲಾಯಿತು. ಆ ಪೀಠಿಕೆಯನ್ನು ಕೇಳಿದವರು, ಅದು ಜಾಗ ತುಂಬಲು ಹುಟ್ಟಿದ್ದೆಂದು ಊಹಿಸಲಾರರು. ದೊಡ್ಡವರು ಹೆದರಿದ ಕೆಲಸವನ್ನು ಇಕ್ಕಟ್ಟಾದ ಅಂಗಡಿಯೊಂದು ಮಾಡಿತು. ಆ ಹಾಡು ಈಗ ಅಮೆರಿಕದ ಚರಿತ್ರೆಯ ಪುಸ್ತಕಗಳಲ್ಲಿಯೂ ಸ್ಥಾನ ಪಡೆದಿದೆ.

ಎರಡನೆಯ ಮಹಾಯುದ್ಧ ಬಂದಾಗ ಅರಗಿಗೆ ಅಭಾವವುಂಟಾಯಿತು. 1942ರಲ್ಲಿ ಅಮೆರಿಕದ ಸರಕಾರ ತಟ್ಟೆಗಳಿಗೆ ಅದರ ಬಳಕೆಯನ್ನು ಬಹಳವಾಗಿ ಕಡಿತಗೊಳಿಸಿತು. ಹೊಸದನ್ನು ಕೊಳ್ಳುವವರು ಕರಗಿಸಲೆಂದು ಹಳೆಯ ತಟ್ಟೆಗಳನ್ನು ತಂದುಕೊಡಬೇಕಾಯಿತು. ಹೀಗೆ ಕರಗಿಹೋದವುಗಳಲ್ಲಿ ಏನೇನಿತ್ತೋ! ಸಂಗ್ರಾಹಕರಿಗೆ ಆ ವರ್ಷಗಳನ್ನು ನೆನೆದರೆ ಇಂದಿಗೂ ಸಂಕಟ.

1941ರಲ್ಲಿ ಗೇಬ್ಲರನು ಡೆಕ್ಕಾ ಎಂಬ ದೊಡ್ಡ ಕಂಪನಿಯಲ್ಲಿ ಕೆಲಸಕ್ಕೆ ಸೇರಿದನು. ಅಂಗಡಿಯನ್ನು ಅವನ ಭಾವ ಜ್ಯಾಕ್ ಕ್ರಿಸ್ಟಲ್ ನೋಡಿಕೊಳ್ಳತೊಡಗಿದನು. ಜ್ಯಾಕನ ಮಗ ಬಿಲ್ಲಿ ಕ್ರಿಸ್ಟಲ್ ಮುಂದೆ ಹಾಸ್ಯನಟನಾಗಿ ಹೆಸರಾದವನು. ಆ ಬಾಲಕನಿಗೆ ವಾದ್ಯಗಾರರೆಲ್ಲ ಮನೆಗೆ ಬಂದುಹೋಗುವ ನೆಂಟರಂತೆ. ಬಿಲ್ಲಿ ಹಾಲಿಡೇ ತನ್ನನ್ನು ಮೊಟ್ಟಮೊದಲ ಸಿನಿಮಾಕ್ಕೆ ಕರೆದುಕೊಂಡು ಹೋದಳೆಂದೂ, ಆ ಚಿತ್ರ ‘ಶೇನ್’ ಎಂದೂ ಅವನು ಹೇಳಿಕೊಂಡಿದ್ದಾನೆ. ಆ ಚಿತ್ರ ಬಂದ 1953ರಲ್ಲಿ ಅವನಿಗೆ ಐದು ವರ್ಷ. ಅಂಗಡಿಯ ನೆನಪುಗಳಲ್ಲಿ ನಮಗೆ ಬಹಳ ಹಿಡಿಸಿದುದು ಇದೇ: ಮರದಿಂದ ನೇತಾಡುವ ಶವಗಳನ್ನು ಹಾಡಿದ ಗಾಯಕಿ, ಅಂಗಡಿಯವರ ಮನೆಯ ಚಿಕ್ಕ ಮಗುವಿನೊಡನೆ ಕುಳಿತು ಚಿತ್ರ ನೋಡುತ್ತಿದ್ದಳು.

1948ರಲ್ಲಿ ದೀರ್ಘಕಾಲ ನುಡಿಯುವ ತಟ್ಟೆಗಳು ಬಂದವು. ಒಡೆಯದ ಆ ತಟ್ಟೆಗಳನ್ನು ದೊಡ್ಡ ಮಳಿಗೆಗಳು ಕಡಮೆ ಬೆಲೆಗೆ ಮಾರತೊಡಗಿದವು. ಸಣ್ಣ ಅಂಗಡಿ ಆ ಬೆಲೆಗೆ ಮಾರಿ ಬದುಕುವುದು ಸಾಧ್ಯವಿರಲಿಲ್ಲ. ಮುಂಬಯಿಯ ಕಾಳಾಘೋಡಾದಲ್ಲಿದ್ದ ‘ರಿದಮ್ ಹೌಸ್’ 2016ರಲ್ಲಿ ಮುಚ್ಚಿದಾಗ ಅಲ್ಲಿಗೆ ಹೋಗುತ್ತಿದ್ದ ಹಿರಿಯರು ಪಟ್ಟ ದುಃಖವನ್ನು ಕಂಡವರಿಗೆ, 1958ರ ನ್ಯೂಯಾರ್ಕಿನ ದುಃಖವೂ ಅರ್ಥವಾಗುವುದು. ಇಂದು ಕೈಯಲ್ಲಿರುವ ಫೋನಿನಲ್ಲಿ ಯಾವ ಹಾಡನ್ನಾದರೂ ಕ್ಷಣದಲ್ಲಿ ಕೇಳಬಹುದು. ಆದರೆ ಹಿಂದೆ ಮೃದಂಗ ನುಡಿಸಿದವರು ಯಾರೆಂದು ಹುಡುಕಲು ಹೋದರೆ ಅನೇಕ ವೇಳೆ ಉತ್ತರವಿರುವುದಿಲ್ಲ.

ಮಿಲ್ಟ್ ಗೇಬ್ಲರ್ 2001ರಲ್ಲಿ ತೊಂಬತ್ತು ವರ್ಷ ತುಂಬಿ ತೀರಿಕೊಂಡನು. ಅದಕ್ಕೂ ಮೊದಲೇ, 1988ರಿಂದ, ಮೊಸೇಯಿಕ್ ಎಂಬ ಸಣ್ಣ ಸಂಸ್ಥೆ ಕಮೊಡೋರ್ ಮುದ್ರೆಯ ಜಾಝ್ ಸಂಗೀತವನ್ನೆಲ್ಲ ಮೂರು ದೊಡ್ಡ ಪೆಟ್ಟಿಗೆಗಳಲ್ಲಿ ತುಂಬಿ ಸಂಗ್ರಾಹಕರಿಗೆ ಒದಗಿಸಿತ್ತು. ಪ್ರತಿಯೊಂದು ಪೆಟ್ಟಿಗೆಯೊಡನೆ ಪುಸ್ತಕವೊಂದಿದೆ. ಅದರಲ್ಲಿ ತಾರೀಖಿನೊಡನೆ, ನುಡಿಸಿದವರ ಹೆಸರುಗಳಿವೆ.